ಬೇಕರಿ ಭಾವನ ಗೀಸರ್

ಬೇಕರಿ ಭಾವ ನನಗೆ ರಕ್ತಸಂಬಂಧಿಯೇನಲ್ಲ, ಪಕ್ಕದ ಮನೆಯವರು. ಈ ಮನೆಗೆ ಬಂದ ಹೊಸದರಲ್ಲಿ ಅವರ ಹೆಂಡತಿಯನ್ನು ಅಕ್ಕ ಎಂದು ಕರೆದುಬಿಟ್ಟೆ. ಅಕ್ಕನ ಗಂಡ ಭಾವನಾಗದೆ ಇನ್ನೇನಾಗಬೇಕು? ಹೀಗೆ ಪುಕ್ಕಟೆ ಸಿಕ್ಕ ಭಾವನನ್ನು ಛೇಡಿಸುವ ಹಕ್ಕನ್ನೂ ನಾನೇ ತೆಗೆದುಕೊಂಡೆ. ಅವರೇನು ಸುಮ್ಮನಿರುವವರೇ? ಟೈಲರಮ್ಮನ ಮೆಷಿನ್ ಸದ್ದಿಗಿಂತ ಬಾಯಿ ಸದ್ದೇ ಜೋರು ಎಂದು ಕಟ್ಟಡಕ್ಕೆಲ್ಲ ಸಾರಿಬಿಟ್ಟಿದ್ದರು.

ನಮ್ಮದು ಹಳೆಯ ಕಟ್ಟಡ. ಮೊದಲ ಮಹಡಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಬಾಡಿಗೆ ಮನೆ. ಅವರ ಬಚ್ಚಲಿಗೂ ನಾನು ಹೊಲಿಗೆ ಮೆಷಿನ್ ಇಟ್ಟುಕೊಂಡ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಅದನ್ನು ಇಟ್ಟಿಗೆಯಲ್ಲಿ ಕಟ್ಟಿದರೋ ರಟ್ಟಿನಲ್ಲಿ ಕಟ್ಟಿದರೋ ದೇವರಿಗೇ ಗೊತ್ತು. ಅಲ್ಲಿ ಚೊಂಬು ಬಿದ್ದರೆ ಇಲ್ಲಿ ನನ್ನ ಹೊಲಿಗೆ ಸೊಟ್ಟಗಾಗುತ್ತದೆ. ಹಾಗಾಗಿ ನಾನು ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಅರ್ಧ ಗೋಡೆಯಾಚೆಯಿಂದ ಕೇಳಿದ್ದು. ಕದ್ದು ಕೇಳಿದಳು ಎಂದು ಯಾರೂ ನನ್ನ ಮೇಲೆ ಬರಬೇಕಾಗಿಲ್ಲ. ಕಿವಿ ಮುಚ್ಚಿಕೊಂಡು ಹೊಲಿಯುವುದು ನನಗೆ ಬರುವುದಿಲ್ಲ.

ಭಾವ ಮೀಸೆ ಚಿಗುರುವ ಮೊದಲೇ ಬೇಕರಿ ಸೇರಿ, ಓವನ್ ಮುಂದೆ ನಿಂತೇ ಮುದುಕರಾದವರು. ಮೊದಲು ಸೌದೆಯ ಓವನ್, ಆಮೇಲೆ ಕರೆಂಟಿನದು. ಕರೆಂಟಿನದಕ್ಕೆ ಒಳಗೆ ಬಿಸಿ ಎಷ್ಟಿದೆ ಎಂದು ತೋರಿಸುವ ಮುಳ್ಳು ಇತ್ತು. ಭಾವ ಅದರ ಕಡೆ ತಲೆಯೆತ್ತಿ ನೋಡಿದವರಲ್ಲ. ಬಾಗಿಲು ತೆಗೆದು ಒಳಗೆ ಕೈ ಚಾಚಿ, ಒಂದು ಗಳಿಗೆ ಹಾಗೇ ಹಿಡಿದು, ಹಾಕು ಎನ್ನುವರು, ಇಲ್ಲವೇ ತಡಿ ಎನ್ನುವರು. ಮುಳ್ಳು ತಪ್ಪಿದ್ದುಂಟು, ಇವನ ಕೈ ತಪ್ಪಿದ್ದಿಲ್ಲ ಎಂದು ಮಾಲೀಕರೇ ಹೇಳುತ್ತಿದ್ದರಂತೆ. ಕಾದ ಟ್ರೇಗಳನ್ನು ಬೇರೆಯವರು ಗೋಣಿ ತುಂಡು ಹಿಡಿದು ಎಳೆದರೆ ಇವರು ಬರಿಗೈಯಲ್ಲಿ ಎಳೆಯುವರು. ಬ್ರೆಡ್ಡಿನ ತಳವನ್ನು ಬೆರಳಲ್ಲಿ ತಟ್ಟಿ, ಬೆಂದಿದೆಯೋ ಇನ್ನೂ ಹಸಿಯೋ ಹೇಳುವರು. ಬೇಕರಿ ನೋಡಲು ದೊಡ್ಡವರು ಯಾರಾದರೂ ಬಂದರೆ ಮಾಲೀಕರು ಓವನ್ ತೋರಿಸುವ ಮೊದಲು ಇವರ ಕೈ ತೋರಿಸುತ್ತಿದ್ದರು.

ಆ ಕೈಯ ವಿಷಯದಲ್ಲಿ ಭಾವನಿಗೆ ಜಂಬ ಇತ್ತು, ಇಲ್ಲ ಎಂದರೆ ಸುಳ್ಳಾದೀತು. ಒಮ್ಮೆ ನಮ್ಮ ಮನೆಯಲ್ಲಿ ಹಾಲು ಉಕ್ಕುತ್ತಿತ್ತು. ನಾನು ಇಕ್ಕಳಕ್ಕಾಗಿ ತಡಕಾಡುತ್ತಿದ್ದರೆ ಇವರು ಬಂದು ಪಾತ್ರೆಯನ್ನು ಎರಡು ಕೈಯಲ್ಲೂ ಹಿಡಿದೆತ್ತಿ ಕೆಳಗಿಟ್ಟು, ಬಾಗಿಲಲ್ಲಿ ಬಿಟ್ಟಿದ್ದ ಮಾತನ್ನು ಅಲ್ಲಿಂದಲೇ ಮುಂದುವರಿಸಿದರು. ಮುಂದಿನ ಜನ್ಮಕ್ಕೆ ಇಕ್ಕಳವಾಗಿ ಹುಟ್ಟುತ್ತೀರಿ ಎಂದು ನಾನು ಹೇಳಿದೆ. ಅದನ್ನೂ ಒಂದು ಬಿರುದು ಎಂದೇ ತಿಳಿದು ಅಕ್ಕನಿಗೆ ಹೇಳಿಕೊಂಡು ನಕ್ಕರು.

ಅಕ್ಕನೂ ಅದೇ ಬೇಕರಿಯವಳು. ಬನ್ನು ಪ್ಯಾಕ್ ಮಾಡುವ ಕೆಲಸಕ್ಕೆ ಬಂದವಳು ಓವನ್ ಮುಂದಿನವನನ್ನು ಮದುವೆಯಾದಳು. ಮಾತಿನಮಲ್ಲಿ. ಭಾವ ಒಂದು ಮಾತು ಹೇಳುವಷ್ಟರಲ್ಲಿ ಅವಳು ಅದಕ್ಕೆ ಉತ್ತರ ಹೇಳಿ, ಆ ಉತ್ತರಕ್ಕೆ ಅವರು ಏನು ಹೇಳಬಹುದೆಂದು ಊಹಿಸಿ, ಅದಕ್ಕೂ ಉತ್ತರ ಕೊಟ್ಟಿರುತ್ತಿದ್ದಳು. ಅಂಥವಳಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು. ಮಾತೆಲ್ಲ ಹೋಗಿ ಬರೀ ಹೂಂ ಎನ್ನುವುದೊಂದು ಉಳಿಯಿತು. ಅಳು ಬೇರೆ. ಊಟದ ತಟ್ಟೆ ನೋಡಿ ಅಳುವಳು, ಕಿಟಕಿ ಹಾಕಿದರೆ ಅಳುವಳು. ಇಂಥ ಕಾಯಿಲೆಯಲ್ಲಿ ಕಾರಣವಿಲ್ಲದೆ ಅಳು ಬರುತ್ತದೆ, ಗಾಬರಿಯಾಗಬೇಡಿ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿ ಕಳಿಸಿದ್ದರು. ಭಾವ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹಿಡಿದುಕೊಳ್ಳದಿದ್ದರೆ ಅವರಾದರೂ ಬದುಕುವುದು ಹೇಗೆ?

ಮಾರನೆಯ ದಿನದಿಂದಲೇ ಬೇಕರಿ ಬಿಟ್ಟರು. ಅಕ್ಕನಿಗೆ ಉಣಿಸುವುದು, ಬಟ್ಟೆ ಬದಲಿಸುವುದು, ತಲೆ ಬಾಚುವುದು, ಸ್ನಾನ ಮಾಡಿಸುವುದು ಎಲ್ಲ ಅವರದೇ. ಅವರ ಮಗಳು ಇದೇ ಊರಿನ ಇನ್ನೊಂದು ಮೂಲೆಯಲ್ಲಿದ್ದಾಳೆ. ಒಂದೇ ಕೋಣೆಯ ಮನೆ, ಅದರಲ್ಲಿ ಗಂಡ, ಅತ್ತೆ, ಮಕ್ಕಳು. ಆದರೂ ಅಮ್ಮನನ್ನು ಕರೆದೊಯ್ಯುತ್ತೇನೆ ಎಂದಳು, ಅದಾಗದಿದ್ದರೆ ನೋಡಿಕೊಳ್ಳುವವಳನ್ನಾದರೂ ಇಡೋಣ ಎಂದಳು. ಭಾವ ಎರಡಕ್ಕೂ ತಲೆಯಾಡಿಸಲಿಲ್ಲ. ಅವಳ ಮೈಯನ್ನು ಕಂಡಕಂಡವರು ಮುಟ್ಟುವುದು ಅವಳಿಗೆ ಹಿಡಿಸುವುದಿಲ್ಲ, ನನ್ನ ಕೈಯಲ್ಲಿ ಆಗುವವರೆಗೂ ನಾನೇ ಮಾಡುತ್ತೇನೆ ಎಂದರು. ಅದರಲ್ಲಿ ಪ್ರೀತಿ ಇತ್ತು, ಹಟವೂ ಇತ್ತು. ಎರಡನ್ನೂ ಬೇರೆ ಮಾಡಿ ನೋಡುವಷ್ಟು ಪುರುಸೊತ್ತು ಯಾರಿಗಿತ್ತು?

ದಿನಾ ತಿಂಡಿಯಾದ ಮೇಲೆ ಗೋಡೆಯಾಚೆ ಸ್ನಾನ ಶುರುವಾಗುವುದು. ಮೊದಲು ಪ್ಲಾಸ್ಟಿಕ್ ಕುರ್ಚಿ ಎಳೆಯುವ ಸದ್ದು, ಆಮೇಲೆ ಬಕೆಟ್ಟಿಗೆ ನೀರು ಬೀಳುವ ಸದ್ದು, ಆಮೇಲೆ ಭಾವನ ಮಾತು. ಮಹಾರಾಣಿಯವರೇ, ಬೆನ್ನು ಈ ಕಡೆ ತಿರುಗಲಿ ಎನ್ನುವರು. ಬೇಕರಿಯ ಹಳೆ ಕಥೆ ತೆಗೆಯುವರು. ನೀರು ಮೈಮೇಲೆ ಬಿದ್ದಕೂಡಲೇ ಅಕ್ಕನ ಅಳು. ಮೊದಮೊದಲು ನಾನು ಕತ್ತರಿ ಬಿಸುಟು ಓಡಿಹೋಗುತ್ತಿದ್ದೆ. ಡಾಕ್ಟರು ಹೇಳಿದ್ದನ್ನು ಭಾವ ನನಗೂ ಹೇಳಿ ಸಮಾಧಾನ ಮಾಡಿ ಕಳಿಸುತ್ತಿದ್ದರು. ಒಂದು ದಿನ ಅವರೇ ನಗುತ್ತ ಹೇಳಿದರು: ಸ್ನಾನ ಮುಗಿಯುವವರೆಗೂ ಇವಳು ಎಡಗೈಯಲ್ಲಿ ಹಿಡಿದ ನನ್ನ ಮಣಿಕಟ್ಟು ಬಿಡುವುದಿಲ್ಲ ನೋಡು, ಮದುವೆಯಾದ ಹೊಸದರಲ್ಲೂ ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿರಲಿಲ್ಲ. ಆಗ ಹಿಡಿಯುವಂಥದ್ದು ನೀವೇನು ಮಾಡಿದ್ದಿರಿ ಎಂದು ನಾನು ಕೇಳಿದೆ. ಕುರ್ಚಿಯಲ್ಲಿ ಕೂತಿದ್ದ ಅಕ್ಕ ಅರ್ಧ ಬಾಯಲ್ಲಿ ನಕ್ಕಳು. ಆ ನಗು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಗೀಸರ್ ಕೆಟ್ಟದ್ದು ಚಳಿ ಶುರುವಾದ ಮೇಲೆ. ಅದನ್ನು ತಗುಲಿಸಿದ್ದು ನನ್ನ ಗೋಡೆಯ ಆಚೆ ಬದಿಗೇ. ಒಂದು ಬೆಳಿಗ್ಗೆ ಗೋಡೆಯೊಳಗಿಂದ ಗುಡುಗುಡು ಸದ್ದು ಬಂತು. ನಾನು ಹೋಗುವಷ್ಟರಲ್ಲಿ ಬಚ್ಚಲು ತುಂಬಾ ಹಬೆ. ನಲ್ಲಿ ಬಿಟ್ಟರೆ ನೀರು ಕುದಿಯುತ್ತ, ಕೆಮ್ಮುತ್ತ ಬರುತ್ತಿತ್ತು. ಗೀಸರಿನ ತಳದ ವಾಲ್ವಿನಿಂದ ಬಿಸಿನೀರು ಪಿಚಕ್ಕನೆ ಚಿಮ್ಮುತ್ತಿತ್ತು. ಕೆಂಪು ದೀಪ ಆರುವ ಮಾತೇ ಇಲ್ಲ. ಭಾವ ಮೇನ್ ಸ್ವಿಚ್ ಆರಿಸಿ, ಬಾಗಿಲಲ್ಲಿ ನಿಂತು ಅದನ್ನು ದುರುಗುಟ್ಟಿ ನೋಡುತ್ತಿದ್ದರು.

ಮನೆ ಮಾಲೀಕರಿಗೆ ಫೋನ್ ಮಾಡಿದರು. ನಮ್ಮ ಮಾಲೀಕರು ದೊಡ್ಡ ಮನಸ್ಸಿನವರು, ಬಾಡಿಗೆ ದಿನವೊಂದನ್ನು ಬಿಟ್ಟು ಬೇರೆ ಯಾವ ದಿನವೂ ನಮ್ಮ ನೆನಪು ಮಾಡಿಕೊಂಡು ತೊಂದರೆ ಕೊಡುವುದಿಲ್ಲ. ಬಿಸಿ ಹೆಚ್ಚಾದರೆ ಗುಂಡಿ ತಿರುಗಿಸಿ ಕಡಿಮೆ ಮಾಡಿಕೊಳ್ಳಿ ಎಂದು ಹೇಳಿ ಇಟ್ಟರು. ಭಾವ ತಿರುಗಿಸಿದರು. ಗುಂಡಿ ಎಲ್ಲಿಯೂ ನಿಲ್ಲದೆ ಸುತ್ತೂ ಸುತ್ತಿತು. ಒಳಗೆ ಅದಕ್ಕೂ ಬೇರೆ ಯಾವುದಕ್ಕೂ ಸಂಬಂಧವೇ ಉಳಿದಿರಲಿಲ್ಲ. ರಿಪೇರಿಯವನಿಗೆ ಹೇಳಿ ಕಳಿಸಿದರೆ ಅವನು ಇವತ್ತು ನಾಳೆ ಎಂದು ಸತಾಯಿಸಿದ.

ಅಲ್ಲಿಯವರೆಗೆ ಭಾವ ತಮ್ಮದೇ ಒಂದು ಉಪಾಯ ಮಾಡಿದರು. ಸ್ವಿಚ್ ಹಾಕಿ ಗೀಸರಿಗೆ ಕಿವಿಗೊಟ್ಟು ನಿಲ್ಲುವರು. ಒಳಗೆ ಸಣ್ಣಗೆ ಸುಂಯ್ ಎನ್ನಲು ಶುರುವಾದಾಗ ಆರಿಸುವರು. ಆ ನೀರನ್ನು ಬಕೆಟ್ಟಿಗೆ ಬಿಟ್ಟು, ತಣ್ಣೀರು ಬೆರೆಸಿ, ಕೈ ಅದ್ದಿ ನೋಡಿ ಹದ ಮಾಡುವರು. ಅರ್ಧ ಸ್ನಾನಕ್ಕೆ ನೀರು ಕಡಿಮೆಯಾದರೆ ಮತ್ತೆ ನಲ್ಲಿ ಬಿಟ್ಟು, ಮತ್ತೆ ಕೈ ಅದ್ದಿ ನೋಡುವರು. ಓವನ್ನನ್ನೇ ಪಳಗಿಸಿದವನಿಗೆ ಇದು ಯಾವ ಲೆಕ್ಕ ಎಂದು ನನ್ನ ಹತ್ತಿರ ಹೇಳಿದರು. ನನಗೂ ಹೌದೆನ್ನಿಸಿತು.

ಆ ವಾರವೇ ಮಗಳು ಬಂದಳು. ಅಮ್ಮನಿಗೆ ರವಿಕೆ ಬದಲಿಸುವಾಗ ಬಲಹೆಗಲ ಹಿಂದೆ ಬೊಬ್ಬೆ ಕಂಡಿತು. ಬಲಗಡೆ ಸ್ಪರ್ಶವೇ ಇರಲಿಲ್ಲವಾದ್ದರಿಂದ ಅಕ್ಕನಿಗೂ ಅದು ಗೊತ್ತಿತ್ತೋ ಇಲ್ಲವೋ. ಬೆನ್ನೆಲ್ಲ ಕೆಂಪಗಾಗಿತ್ತು. ಮಗಳು ಕಿರುಚಾಡುವ ಜಾತಿಯವಳಲ್ಲ. ನನ್ನನ್ನು ಕರೆದು, ಚಿಕ್ಕಮ್ಮ ನೋಡಿ ಎಂದು ತೋರಿಸಿ, ಅಪ್ಪನ ಕಡೆ ತಿರುಗಿದಳು. ಭಾವ ಗೀಸರನ್ನು ಬೈದರು, ಮಾಲೀಕರನ್ನು ಬೈದರು, ಬಾರದ ರಿಪೇರಿಯವನನ್ನು ಬೈದರು.

"ಯಾರದ್ದಾದ್ರೂ ತಪ್ಪಿರಲಿ ಅಪ್ಪ, ಸುಟ್ಟಿದ್ದು ಅಮ್ಮನ ಮೈ," ಎಂದಳು ಮಗಳು. "ಗೀಸರ್ ಸರಿ ಮಾಡ್ಸಿ. ಇನ್ನೊಂದು ಸಲ ಇಂಥದ್ದು ಕಂಡ್ರೆ ನಾನು ಯಾರ ಮಾತೂ ಕೇಳಲ್ಲ, ಕರ್ಕೊಂಡು ಹೋಗ್ತೀನಿ."

ಅವಳು ಹೋದ ಮೇಲೆ ಭಾವ ಬಹಳ ಹೊತ್ತು ನಮ್ಮ ಬಾಗಿಲಲ್ಲಿ ಕೂತಿದ್ದರು. ಅವಳ ಮನೆಯಲ್ಲಿ ಇನ್ನೊಂದು ಮಂಚಕ್ಕೆ ಜಾಗ ಮಾಡಬಹುದು, ಎರಡಕ್ಕಲ್ಲ. ಅಕ್ಕ ಹೋದರೆ ಭಾವ ಇಲ್ಲಿ ಒಬ್ಬರೇ. ಮದುವೆಯಾದಾಗಿನಿಂದ ಹೆಂಡತಿಯನ್ನು ಬಿಟ್ಟು ಒಂದು ಕಡೆ ಮಲಗಿದ ಮನುಷ್ಯನಲ್ಲ. ಅವಳು ಹೋದ್ರೆ ನಾನು ಈ ಮನೇಲಿ ಯಾರಿಗೆ ಬೇಕು ಎಂದು ಕೇಳಿದರು.

ಮರುದಿನ ಅವರೇ ಅಂಗಡಿಗೆ ಹೋಗಿ ಕೂತು ರಿಪೇರಿಯವನನ್ನು ಜೊತೆಯಲ್ಲಿ ಕರೆತಂದರು. ಆತ ಎತ್ತರದ ಆಸಾಮಿ, ಗೊಣಗುವುದೇ ಅವನ ಉಸಿರಾಟ. ಗೀಸರಿನ ಮುಚ್ಚಳ ತೆಗೆದವನೇ, ಮುಂಚೆ ಇದಕ್ಕೆ ಕೈಹಾಕಿದ ಪುಣ್ಯಾತ್ಮ ಯಾರು ಎಂದು ಕೇಳಿದ. ನೀರು ಸಾಕಷ್ಟು ಕಾದ ಮೇಲೆ ಕರೆಂಟು ನಿಲ್ಲಿಸಬೇಕಾದ ಥರ್ಮೋಸ್ಟಾಟ್ ಒಳಗೇ ಸುಟ್ಟು ಅಂಟಿಕೊಂಡಿತ್ತು. ಅದು ಕೈಕೊಟ್ಟರೆ ಕಾಪಾಡಲು ಇನ್ನೊಂದು ಸಣ್ಣ ಭಾಗ ಇರುತ್ತದಂತೆ. ಹಿಂದಿನ ಬಾಡಿಗೆದಾರರ ಕಾಲದಲ್ಲಿ ಯಾರೋ ಅದನ್ನು ಕಿತ್ತು ವೈರುಗಳನ್ನು ನೇರವಾಗಿ ಸೇರಿಸಿಬಿಟ್ಟಿದ್ದರು. ನೀರು ಕಾಯಿಸುವ ಕಾಯಿಲಿನ ಮೇಲೆ ಸುಣ್ಣದಂತೆ ಬೆಳ್ಳಗೆ ಗಟ್ಟಿ ಪದರ. ಒಡೆದುಹೋಗದೆ ಇದ್ದದ್ದೇ ನಿಮ್ಮ ಅದೃಷ್ಟ ಎಂದು ಗೊಣಗುತ್ತಲೇ ನೀರೆಲ್ಲ ಇಳಿಸಿ, ಕೆಟ್ಟದ್ದನ್ನೆಲ್ಲ ಬದಲಿಸಿ, ಸ್ವಿಚ್ ಹಾಕಿದ.

ಭಾವ ನನ್ನನ್ನು ಕೂಗಿ ಕರೆದರು. ನಾವು ಮೂವರೂ ಬಚ್ಚಲಲ್ಲಿ ಒತ್ತಿಕೊಂಡು ನಿಂತು ಕತ್ತೆತ್ತಿ ಆ ಕೆಂಪು ದೀಪವನ್ನೇ ನೋಡಿದೆವು. ಬಾಗಿಲಲ್ಲಿ ಕುರ್ಚಿಯ ಮೇಲೆ ಅಕ್ಕ. ದೀಪ ಹೊತ್ತುವುದನ್ನು ಕಾಯುವವರನ್ನು ನೋಡಿದ್ದೇನೆ, ಆರುವುದನ್ನು ಕಾಯುವವರು ನಾವೇ ಮೊದಲಿರಬೇಕು. ಕೊನೆಗೆ ಟಕ್ಕೆಂದು ಆರಿತು. ಭಾವ ರಿಪೇರಿಯವನ ಬೆನ್ನು ತಟ್ಟಿದ ಪೆಟ್ಟಿಗೆ ಆತ ಗೊಣಗುವುದನ್ನೇ ಮರೆತ. ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿ, ಎಲ್ಲ ಸರಿಯಾಯಿತು, ನಿಮ್ಮಮ್ಮ ಎಲ್ಲಿಗೂ ಬರುವುದಿಲ್ಲ ಎಂದು ಹೇಳಿದರು.

ಬೊಬ್ಬೆ ಮಾಯುವವರೆಗೂ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರು. ಆ ದಿನಗಳಲ್ಲಿ ಗೋಡೆಯಾಚೆ ಅಳು ಕೇಳಲಿಲ್ಲ. ನಾನೂ ಗಮನಿಸಲಿಲ್ಲ, ಅವರೂ ಗಮನಿಸಲಿಲ್ಲ. ಅಳು ಇದ್ದಾಗ ಕಿವಿಗೆ ಬೀಳುತ್ತದೆ, ಇಲ್ಲದಿರುವುದು ಯಾರ ಕಿವಿಗೂ ಬೀಳುವುದಿಲ್ಲ.

ಗಾಯ ಒಣಗಿ ಮತ್ತೆ ಸ್ನಾನ ಶುರುವಾಯಿತು, ಅಳುವೂ ಶುರುವಾಯಿತು. ಕೆಲವು ದಿನ ಕಳೆದ ಮೇಲೆ ಭಾವ ಮುಖ ಸಣ್ಣದು ಮಾಡಿಕೊಂಡು ಬಂದರು. ಬೊಬ್ಬೆ ಇಲ್ಲ, ಆದರೆ ಸ್ನಾನವಾದ ಮೇಲೆ ಬೆನ್ನು ಕೆಂಪಗಾಗುತ್ತದೆ, ಗೀಸರ್ ಇನ್ನೂ ಸರಿಯಾಗಿಲ್ಲ ಎಂದರು. ಗುಂಡಿಯನ್ನು ಒಂದಿಷ್ಟು ಕೆಳಗಿಳಿಸಿ ನೋಡಿದ್ದರು. ಬೇಗ ಆರಿಸಿ ನೋಡಿದ್ದರು. ಏನು ಮಾಡಿದರೂ ಕೆಂಪು ಕೆಂಪೇ. ಆ ಉದ್ದನೆಯವನು ಹಳೇ ಸಾಮಾನನ್ನೇ ಒರೆಸಿ ಹಾಕಿ ಹೋಗಿದ್ದಾನೆ ಎಂದು ಅವರಿಗೆ ಗುಮಾನಿ. ನನಗೂ ಹಾಗೇ ಅನ್ನಿಸಿತು. ನಾಡಿದ್ದು ಮಗಳು ಬರುವವಳಿದ್ದಳು. ಅಷ್ಟರಲ್ಲಿ ಸರಿಯಾಗಲೇಬೇಕು ಎಂದು ಭಾವ ಮತ್ತೆ ಹೋಗಿ ಅಂಗಡಿಯ ಮುಂದೆ ನಿಂತರು.

ರಿಪೇರಿಯವನು ಬೆಳಿಗ್ಗೆ ಸ್ನಾನದ ಹೊತ್ತಿಗೇ ಬಂದ. ಅಕ್ಕ ಹೊದಿಕೆ ಸುತ್ತಿಕೊಂಡು ಬಚ್ಚಲ ಬಾಗಿಲಲ್ಲಿ ಕೂತಿದ್ದಳು, ಬಕೆಟ್ಟಿನಲ್ಲಿ ನೀರು ಸಿದ್ಧವಾಗಿತ್ತು. ಜಗಳವಾದೀತೆಂದು ನಾನೂ ಹೋಗಿ ನಿಂತೆ. ಜಗಳ ಎಂದರೆ ನನಗೆ ಅಷ್ಟೊಂದು ಬೇಸರವೇನಿಲ್ಲ. ಆತ ಮುಚ್ಚಳ ತೆಗೆದು ನೋಡಿದ, ಸ್ವಿಚ್ ಹಾಕಿ ದೀಪ ಆರುವುದನ್ನು ನೋಡಿದ, ನಲ್ಲಿಯ ಕೆಳಗೆ ಬೆರಳು ತಾಗಿಸಿ ನೋಡಿದ. ಎಲ್ಲ ಸರಿಯಾಗಿದೆ ಎಂದ. ಹಾಗಿದ್ದರೆ ಇವಳ ಬೆನ್ನು ಯಾಕೆ ಕೆಂಪಾಗುತ್ತದೆ ಎಂದು ಭಾವ ಗದರಿದರು. ಅದು ಡಾಕ್ಟರನ್ನು ಕೇಳಿ, ನನ್ನನ್ನಲ್ಲ ಎಂದು ಗೊಣಗುತ್ತ ಆತ ಮಸಿಯಾದ ಕೈ ತೊಳೆದುಕೊಳ್ಳಲು ಬಕೆಟ್ಟಿಗೆ ಕೈ ಹಾಕಿದ. ಹಾಕಿದ ವೇಗದಲ್ಲೇ ತೆಗೆದ.

"ಈ ನೀರು ಯಾರಿಗೆ?" ಎಂದು ಕೇಳಿದ.

ಅವಳಿಗೇ, ಹದ ಮಾಡಿ ಇಟ್ಟಿದ್ದೇನೆ ಎಂದರು ಭಾವ. ಆತ ನನ್ನ ಮುಖ ನೋಡಿದ. ನಾನು ಬಗ್ಗಿ ಬೆರಳು ಅದ್ದಿದೆ. ಇಟ್ಟುಕೊಳ್ಳಲು ಆಗಲಿಲ್ಲ. ಭಾವ ನಮ್ಮಿಬ್ಬರನ್ನೂ ಪಕ್ಕಕ್ಕೆ ಸರಿಸಿ, ತೋಳು ಮೇಲೇರಿಸಿ, ಮಣಿಕಟ್ಟಿನವರೆಗೆ ಕೈ ಮುಳುಗಿಸಿ ಹಾಗೇ ಹಿಡಿದುಕೊಂಡರು. ಓವನ್ ಮುಂದೆಯೂ ಹೀಗೇ ನಿಲ್ಲುತ್ತಿದ್ದರೇನೋ.

"ಬೆಚ್ಚಗಿದೆಯಲ್ಲ," ಎಂದರು.

ಅವರು ಕೈಯನ್ನು ನೀರಿನಿಂದ ತೆಗೆಯಲಿಲ್ಲ. ನನ್ನ ಕೆಂಪಾದ ಬೆರಳುಗಳನ್ನು ನೋಡಿದರು, ರಿಪೇರಿಯವನು ಅಂಗಿಗೆ ಒರೆಸಿಕೊಳ್ಳುತ್ತಿದ್ದ ಕೈ ನೋಡಿದರು. ಆಮೇಲೆ ಅಕ್ಕನನ್ನು ನೋಡಿದರು. ಅಕ್ಕ ಬಕೆಟ್ಟನ್ನೇ ನೋಡುತ್ತಿದ್ದಳು. ಅವಳ ಎಡಗೈ ಹೊದಿಕೆಯನ್ನು ಕುತ್ತಿಗೆಯ ಹತ್ತಿರ ಮುಷ್ಟಿ ಮಾಡಿ ಹಿಡಿದುಕೊಂಡಿತ್ತು. ಇಷ್ಟು ದಿನ ಆ ಮುಖವನ್ನು ನಾನೂ ನೋಡಿದ್ದೆ, ಅದರಲ್ಲಿ ಭಯ ಇದೆ ಎಂದು ಅವತ್ತೇ ನನಗೆ ಕಂಡಿದ್ದು.

ರಿಪೇರಿಯವನು ಸಾಮಾನುಗಳನ್ನು ಸದ್ದಾಗದಂತೆ ಚೀಲಕ್ಕೆ ತುಂಬಿಕೊಂಡ. ಬೆಂಕಿ ಕೆಲಸ ಮಾಡಿದವರಿಗೆ ಹೀಗಾಗುತ್ತೆ ಅಜ್ಜ, ನಿಮ್ಮ ತಪ್ಪಲ್ಲ ಎಂದ. ಅಷ್ಟು ಮೆತ್ತಗೆ ಮಾತಾಡಲು ಅವನಿಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಭಾವನಿಗೆ ಅದು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಆತ ಮೆಟ್ಟಿಲಿಳಿದು ಹೋದ ಮೇಲೆ ಭಾವ ನೀರನ್ನೆಲ್ಲ ಚೆಲ್ಲಿ, ಬಕೆಟ್ಟನ್ನು ಬೋರಲು ಹಾಕಿ, ಒದ್ದೆ ನೆಲದ ಮೇಲೆಯೇ ಕೂತರು.

ನನ್ನ ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಗೀಸರ್ ಕೆಟ್ಟದ್ದು ಸುಳ್ಳಲ್ಲವಲ್ಲ ಎಂದೆ. ಡಾಕ್ಟರೇ ಹೇಳಿದ್ದರಲ್ಲ, ಅಳು ಕಾಯಿಲೆಯದು ಎಂದೆ. ಇನ್ನು ಮುಂದೆ ದಿನಾ ನಾನೇ ಬಂದು ನೀರು ನೋಡಿ ಹೋಗುತ್ತೇನೆ, ನಾಲ್ಕು ಹೆಜ್ಜೆಯ ಕೆಲಸ ಎಂದೆ. ಅವರು ಎಲ್ಲ ಕೇಳಿಸಿಕೊಂಡರು.

"ಕೈ ಹಿಡ್ಕೊಳ್ತಿದ್ಲಲ್ಲ ಟೈಲರಮ್ಮ," ಎಂದರು. "ತಡೆಯೋಕೆ ಹಿಡ್ಕೊಳ್ತಿದ್ದದ್ದು. ನಾನು ಪ್ರೀತಿ ಅಂದ್ಕೊಂಡೆ. ನಿನ್ನ ಹತ್ರ ಬಂದು ಹೇಳ್ಕೊಂಡು ನಕ್ಕೆ."

ಹೇಳಿ ಅತ್ತರು. ಗಂಡಸರು ಅಳುವುದನ್ನು ನಾನು ನೋಡಿಲ್ಲ ಎಂದೇನಲ್ಲ. ಆದರೆ ಅವರು ಕಣ್ಣೊರೆಸಿಕೊಳ್ಳಲು ಕೈ ಎತ್ತಿ, ಅಂಗೈಯನ್ನು ನೋಡಿ, ಒರೆಸಿಕೊಳ್ಳದೆ ಕೆಳಗಿಳಿಸಿದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಅಕ್ಕ ಕುರ್ಚಿಯಲ್ಲಿ ಕೂತು ಹೂಂ, ಹೂಂ ಎನ್ನುತ್ತಿದ್ದಳು. ಅವಳು ಏನು ಹೇಳುತ್ತಿದ್ದಳೋ ನಮಗಿಬ್ಬರಿಗೂ ತಿಳಿಯಲಿಲ್ಲ.

ಅವತ್ತು ಸ್ನಾನವಾಗಲಿಲ್ಲ. ಮರುದಿನ ನಾನು ನೀರು ಹದ ಮಾಡಿಕೊಡಲು ಹೋದರೆ ಭಾವ ಬಚ್ಚಲ ಬಾಗಿಲನ್ನೇ ತೆಗೆದಿರಲಿಲ್ಲ. ಮಗಳಿಗೆ ಎಲ್ಲ ಹೇಳಿಬಿಡುತ್ತೇನೆ ಎಂದರು. ನಿಮಗೇನು ತಲೆ ಕೆಟ್ಟಿದೆಯೇ ಎಂದು ನಾನು ರೇಗಿದೆ. ಗೀಸರ್ ಮೇಲೆ ಹಾಕಿ ಮುಗಿಸಿ, ಅದೇನು ಎದುರು ಮಾತಾಡುವುದಿಲ್ಲ, ಇನ್ನು ಮೇಲೆ ಹುಷಾರಾಗಿದ್ದರಾಯಿತು ಎಂದೆ. ಹೇಳಿದರೆ ಅಕ್ಕನನ್ನು ಕರೆದುಕೊಂಡು ಹೋಗುತ್ತಾಳೆ, ನೀವೇ ಕೈಯಾರೆ ಕಳಿಸಿದ ಹಾಗಾಗುತ್ತದೆ ಎಂದು ಹೆದರಿಸಿಯೂ ನೋಡಿದೆ.

"ನನಗೆ ತಿಳ್ಕೋಬೇಕು," ಎಂದರು ಭಾವ. "ಡಾಕ್ಟರ್ ಹೇಳಿದ ಅಳು ಎಷ್ಟು, ನಾನು ಅಳಿಸಿದ್ದು ಎಷ್ಟು ಅಂತ. ಮಗಳು ನೀರು ಹಾಕ್ಲಿ. ಅಲ್ಲೂ ಅತ್ತರೆ ಕಾಯಿಲೆ ಅಂತ ಆಯ್ತು."

ಅಳದೆ ಹೋದರೆ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಮಗಳು ಬಂದಳು. ಭಾವ ಅವಳನ್ನು ಕೂರಿಸಿ, ಏನನ್ನೂ ಮುಚ್ಚಿಡದೆ, ಬೇರೆ ಯಾರನ್ನೂ ಬೈಯದೆ ಹೇಳಿದರು. ಬೈಯಲು ಸಿದ್ಧವಾಗಿ ಬಂದವಳಿಗೆ ಬೈಗುಳ ಬಾಯಲ್ಲೇ ಉಳಿಯಿತು. ಅಪ್ಪನ ಕೈ ತೆಗೆದುಕೊಂಡು ಅಂಗೈ ಮೇಲೆ ಮಾಡಿ, ಉಗುರಿನಿಂದ ಬೆರಳ ತುದಿಯನ್ನು ಒತ್ತಿ, ಗೊತ್ತಾಗುತ್ತಾ ಅಪ್ಪ ಎಂದು ಕೇಳಿದಳು. ಒತ್ತಿದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ ಎಂದರು. ಆ ಹುಡುಗಿ ಅಪ್ಪನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಹಬೆಯಲ್ಲಿ, ಬೆಂಕಿಯಲ್ಲಿ ಬೆಂದು ಅವಳಿಗೆ ಅನ್ನ ಹಾಕಿದ ಕೈ ಅಲ್ಲವೇ?

ನೀವೂ ಬನ್ನಿ ಅಪ್ಪ, ಹೇಗೋ ಹೊಂದಿಸಿಕೊಳ್ಳೋಣ ಎಂದು ಅವಳು ಕರೆದದ್ದು ನಿಜ. ಅದು ಆಗದ ಮಾತೆಂದು ಅವಳಿಗೂ ಗೊತ್ತಿತ್ತು. ಭಾವ ಅಕ್ಕನ ಸೀರೆಗಳನ್ನು, ಬಾಚಣಿಗೆಯನ್ನು, ಮಾತ್ರೆಗಳನ್ನು ಒಂದು ಚೀಲಕ್ಕೆ ತಾವೇ ಜೋಡಿಸಿದರು. ಅಕ್ಕನನ್ನು ಕೆಳಗಿಳಿಸಬೇಕಾದಾಗಲೆಲ್ಲ ಬೇರೆ ಯಾರಿಗೂ ಬಿಡದೆ ತಾವೇ ಎತ್ತಿಕೊಳ್ಳುತ್ತಿದ್ದ ಮನುಷ್ಯ, ಅವತ್ತು ಬಾಡಿಗೆ ಕಾರು ತಂದ ಅಳಿಯನಿಗೆ ದಾರಿ ಬಿಟ್ಟು, ದಿಂಬನ್ನು ಎದೆಗೆ ಅವಚಿಕೊಂಡು ಹಿಂದೆ ಹಿಂದೆ ಇಳಿದರು. ಕಾರಿನ ಬಾಗಿಲಲ್ಲಿ ಅಕ್ಕ ಎಡಗೈ ಚಾಚಿದಳು. ಭಾವ ಆ ಕೈಗೆ ದಿಂಬನ್ನು ಕೊಟ್ಟರು. ಅವಳು ಕೇಳಿದ್ದು ದಿಂಬನ್ನಲ್ಲ ಎಂದು ನನಗೆ ಗೊತ್ತಿತ್ತು, ಬಹುಶಃ ಅವರಿಗೂ ಗೊತ್ತಿತ್ತು.

ಆ ವಾರವೆಲ್ಲ ಗೋಡೆಯಾಚೆ ಸದ್ದಿಲ್ಲ. ಮೆಷಿನ್ ತುಳಿಯುವಾಗ ನನ್ನ ಕಿವಿ ಅತ್ತಲೇ ಇರುತ್ತಿತ್ತು. ಭಾವ ಬೇಗ ಎದ್ದು ಎಲ್ಲೆಲ್ಲೋ ನಡೆದು ಬರುವರು. ಬೇಕರಿಯ ಕಡೆಗೆ ಹೋಗುತ್ತೀರಾ ಎಂದು ಕೇಳಿದರೆ, ಆ ಬೀದಿ ಬಿಟ್ಟು ಬೇರೆ ಬೀದಿಯಲ್ಲಿ ಹೋಗುತ್ತೇನೆ ಎಂದರು. ಮಗಳ ಮನೆಗೆ ಹೋಗಿ ಬನ್ನಿ ಎಂದು ನಾನು ಬೆನ್ನು ಹತ್ತಿದೆ. ನಾಳೆ, ನಾಳೆ ಎಂದರು. ಅವರಿಗೆ ಹೆದರಿಕೆ ಎಂದು ನನಗೆ ತಿಳಿಯುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು, ಸ್ನಾನದ ಹೊತ್ತಿಗೆ ಅಲ್ಲಿರಬೇಕು ಎಂದು ನನಗೆ ಹೇಳಿ ಬಸ್ಸು ಹತ್ತಿದರು.

ಸಂಜೆ ಮರಳಿ ಬಂದವರು ತಮ್ಮ ಮನೆಯ ಬೀಗ ತೆಗೆಯದೆ ನಮ್ಮ ಬಾಗಿಲಲ್ಲಿ ಬಂದು ಕೂತರು. ನಾನು ಚಹಾ ಮಾಡಿ ಕೊಟ್ಟೆ. ಲೋಟ ಹಿಡಿಯುವಾಗ ಬಿಸಿ ಇದೆಯಾ ಎಂದು ನನ್ನನ್ನು ಕೇಳಿದರು. ಹಿಂದೆಂದೂ ಕೇಳಿದವರಲ್ಲ. ಸ್ವಲ್ಪ ಆರಲಿ ಎಂದು ನಾನು ಲೋಟವನ್ನು ಪಕ್ಕಕ್ಕಿಟ್ಟೆ.

ಅವರಾಗಿಯೇ ಹೇಳಿದರು. ಬಚ್ಚಲ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಿದ್ದರಂತೆ. ಒಳಗೆ ಮಗಳು ನೀರು ಹಾಕುತ್ತಿದ್ದಳು. ನೀರು ಬೀಳುವ ಸದ್ದು ಕೇಳುತ್ತಿತ್ತು. ಮಗಳು ಮಕ್ಕಳ ತುಂಟತನವೇನನ್ನೋ ಹೇಳುತ್ತಿದ್ದಳು, ಅಕ್ಕ ನಡುನಡುವೆ ಹೂಂ ಎನ್ನುತ್ತಿದ್ದಳು. ತಲೆಗೆ ನೀರು ಹಾಕಿದಳು, ಬೆನ್ನಿಗೆ ಹಾಕಿದಳು. ಇವರು ಉಸಿರು ಬಿಗಿಹಿಡಿದು ಕಾದರು.

"ಅಳಲೇ ಇಲ್ಲ ಟೈಲರಮ್ಮ," ಎಂದರು. "ಕೊನೇವರೆಗೂ ಅಳಲಿಲ್ಲ."

ನಾನು ನೂಲು ಸುತ್ತುತ್ತ ಕೂತೆ. ಚಹಾ ಆರಿತು. ಸ್ವಲ್ಪ ಹೊತ್ತಾದ ಮೇಲೆ ಅವರೇ ಮತ್ತೆ ಮಾತು ತೆಗೆದರು. ಮಧ್ಯಾಹ್ನವೆಲ್ಲ ಮಂಚದ ಪಕ್ಕ ಕೂತಿದ್ದರಂತೆ, ಸ್ವಲ್ಪ ದೂರದಲ್ಲಿ. ಅಕ್ಕ ಇವರನ್ನೇ ನೋಡುತ್ತಿದ್ದಳಂತೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಚಪ್ಪಲಿ ಹಾಕಿಕೊಂಡಾಗ ಅತ್ತಳಂತೆ. ಮಗಳು ಎಷ್ಟು ಸಮಾಧಾನ ಮಾಡಿದರೂ ನಿಲ್ಲಲಿಲ್ಲ. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೂ ಕೇಳುತ್ತಿತ್ತು.

"ಅದು ಯಾವ ಅಳು ಅಂತ ನನಗೆ ಗೊತ್ತಾಗ್ಲಿಲ್ಲ," ಎಂದರು.

ನನಗೆ ಸಿಟ್ಟು ಬಂತು, ಅವರ ಮೇಲೋ, ಬೇರೆ ಯಾರ ಮೇಲೋ. "ಅಷ್ಟೂ ಗೊತ್ತಾಗಲ್ವಾ ಭಾವ?" ಎಂದೆ. "ನೀವು ಹೊರಟ್ರಿ ಅಂತ ಅತ್ತಿದ್ದು. ಅಕ್ಕನಿಗೆ ನೀವು ಬೇಕು, ಅದಕ್ಕೆ ಅತ್ತಿದ್ದು."

ಭಾವ ತಣ್ಣಗಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮಾತನ್ನು ಪೂರ್ತಿ ಕೇಳಿದರು. ತಲೆಯನ್ನೂ ಆಡಿಸಿದರು.

"ಇರಬಹುದು," ಎಂದರು. "ಆದ್ರೆ ಇಷ್ಟು ದಿನ ಹಾಗಂದ್ಕೊಂಡೇ ಅಲ್ವಾ ನಾನು ನೀರು ಹಾಕ್ತಿದ್ದದ್ದು?"

ಅವರು ಚಹಾ ಕುಡಿದು, ಲೋಟ ತೊಳೆದಿಟ್ಟು, ಬೀಗ ತೆಗೆದು ತಮ್ಮ ಮನೆಯೊಳಗೆ ಹೋದರು.